ತಾಳಗುಂದದ ಇತಿಹಾಸವೂ ಹವಾಗುಣವೂ

೧

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಅನತಿದೂರದಲ್ಲಿ, ಬಳ್ಳಿಗಾವೆಯ ನೆರೆಯಲ್ಲಿ ತಾಳಗುಂದವೆಂಬ ಸಣ್ಣ ಗ್ರಾಮವೊಂದುಂಟು. ಇಂದು ನೋಡುವವರಿಗೆ ಅದು ಗದ್ದೆ ತೋಟಗಳ ನಡುವಣ ಸಾಮಾನ್ಯವಾದ ಹಳ್ಳಿಯಂತೆಯೇ ತೋರುವುದು. ಆದರೆ ಕನ್ನಡ ನಾಡಿನ ಪ್ರಾಚೀನ ಚರಿತ್ರೆಯನ್ನು ಬರೆದ ಯಾವ ವಿದ್ವಾಂಸನೂ ಈ ಹೆಸರನ್ನು ಹೇಳದೆ ಮುಂದಕ್ಕೆ ಹೋಗಲಾರನು. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬವೂ ಅದರ ಮೇಲಣ ಸಂಸ್ಕೃತ ಕಾವ್ಯವೂ ಅದಕ್ಕೆ ಕಾರಣ. ಬಿ. ಎಲ್. ರೈಸ್ ಮಹಾಶಯರು ೧೮೯೪ರಲ್ಲಿ ಈ ಕಂಬವನ್ನು ಬೆಳಕಿಗೆ ತಂದರು. ಅನಂತರ ಕೀಲ್‌ಹಾರ್ನ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ೮ನೆಯ ಸಂಪುಟದಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದರು. ಅಂದಿನಿಂದ ಕದಂಬರ ವಂಶಾವಳಿಗೆ ಈ ಶಾಸನವೇ ಮುಖ್ಯ ಆಧಾರವಾಗಿ ನಿಂತಿದೆ.

ಈ ಶಾಸನವನ್ನು ನಾವು ಪಾಠಶಾಲೆಗಳಲ್ಲಿಯೂ ಗ್ರಂಥಗಳಲ್ಲಿಯೂ ಓದುತ್ತ ಬಂದಿರುವ ಕ್ರಮ ಒಂದೇ ಬಗೆಯದು. ಮಯೂರಶರ್ಮನು ಕಾಂಚಿಗೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದುದು, ಕುಶವನ್ನೂ ಸಮಿತ್ತನ್ನೂ ಹಿಡಿಯುತ್ತಿದ್ದ ಕೈ ಖಡ್ಗವನ್ನು ಹಿಡಿದುದು, ಶ್ರೀಪರ್ವತದ ಅಡವಿಗಳನ್ನು ಹೊಕ್ಕು ಬೃಹದ್ಬಾಣರಿಂದ ಕಪ್ಪವನ್ನು ಪಡೆದುದು, ಕೊನೆಗೆ ಪಲ್ಲವರೇ ಅವನಿಗೆ ಪಟ್ಟವನ್ನು ಕಟ್ಟಿದುದು, ಇಷ್ಟನ್ನು ಹೇಳಿ ಗ್ರಂಥವನ್ನು ಮುಚ್ಚುವುದು ವಾಡಿಕೆ. ಈ ಕಥೆ ರಮ್ಯವಾದುದು, ಚರಿತ್ರೆಗೆ ಉಪಯುಕ್ತವಾದುದು. ಆದರೆ ಕಂಬವನ್ನು ನಿಲ್ಲಿಸಿದುದು ಈ ಕಥೆಯನ್ನು ಹೇಳುವುದಕ್ಕಲ್ಲ. ಅದು ಒಂದು ಕೆರೆಯ ಶಾಸನ. ಆ ಕೆರೆ ಏತಕ್ಕೆ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ತಾಳಗುಂದದ ನೆಲವನ್ನೂ ಮಳೆಯನ್ನೂ ತಿಳಿಯಬೇಕು. ಈ ಎರಡು ಮಾತುಗಳನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಊರಿನ ಹೆಸರನ್ನು ವಿಚಾರಿಸೋಣ. ಕಂಬದ ಶಾಸನದಲ್ಲಿ ಇದು ಸ್ಥಾನಕುಂದೂರು. ಅನಂತರದ ಕನ್ನಡ ಶಾಸನಗಳಲ್ಲಿ ತಾಣಗುಂದೂರೆಂಬ ರೂಪವೂ, ಸಂಸ್ಕೃತದ ಅಭಿಮಾನವುಳ್ಳ ಬರಹಗಳಲ್ಲಿ ಸ್ಥಾಣುಗೂಢಪುರವೆಂಬ ರೂಪವೂ ಕಾಣುತ್ತವೆ. ಸ್ಥಾಣುವೆಂದರೆ ಶಿವನು, ಶಿವನು ಗೂಢವಾಗಿ ನೆಲೆಸಿರುವ ಊರೆಂದು ಅರ್ಥವನ್ನು ಹೇಳಿದರೆ ಕಿವಿಗೆ ಇಂಪಾಗಿಯೇ ಇರುವುದು. ಆದರೆ ವ್ಯುತ್ಪತ್ತಿಯ ಇಂಪು ಬೇರೆ, ಭಾಷೆಯ ನಡೆ ಬೇರೆ. ಅತ್ಯಂತ ಹಳೆಯ ರೂಪದ ಕೊನೆಯಲ್ಲಿರುವುದು ‘ಊರು’ ಎಂಬ ಅಚ್ಚ ಕನ್ನಡದ ಶಬ್ದ. ಸಂಸ್ಕೃತದ ‘ಸ್ಥಾನ’ಕ್ಕೆ ಕನ್ನಡದಲ್ಲಿ ‘ತಾಣ’ವೆಂಬ ತದ್ಭವವಾಗುವುದು ವೈಯಾಕರಣರಿಗೆಲ್ಲ ಗೊತ್ತಿರುವ ವಿಷಯ. ಸಮಾಸದಲ್ಲಿ ಕಕಾರಕ್ಕೆ ಗಕಾರವು ಬರುವುದೂ ಹಾಗೆಯೇ. ತಾಣಗುಂದೂರೆಂಬುದು ಜನರ ಬಾಯಲ್ಲಿ ಸವೆದು, ಕೊನೆಯ ಊರನ್ನು ಕಳೆದುಕೊಂಡು, ಣಕಾರದೆಡೆಯಲ್ಲಿ ಳಕಾರವನ್ನು ಪಡೆದು ತಾಳಗುಂದವಾಗಿ ನಿಂತಿದೆ. ಸ್ಥಾಣುಗೂಢವೆಂಬುದು ಇರುವ ಹೆಸರಿಗೆ ಪಂಡಿತರು ತೊಡಿಸಿದ ಆಭರಣ. ಸಂಸ್ಕೃತ ಕಾವ್ಯವನ್ನು ಹೊತ್ತ ಕಂಬವು ನಿಂತಿರುವುದು ಕನ್ನಡದ ಹೆಸರುಳ್ಳ ಊರಿನಲ್ಲಿ ಎಂಬುದನ್ನು ನಾವು ಮರೆಯಬಾರದು.

ಊರಿನ ಪ್ರಾಚೀನತೆಯೂ ಕದಂಬರಿಗಿಂತ ಹಿಂದಿನದು. ಇಲ್ಲಿನ ಶಿವಾಲಯದಲ್ಲಿ ಶಾತಕರ್ಣಿ ಮೊದಲಾದ ಅರಸರು ಭಕ್ತಿಯಿಂದ ಪೂಜೆಯನ್ನು ಸಲ್ಲಿಸಿದ್ದರೆಂದು ಕಂಬದ ಶಾಸನವೇ ಹೇಳುತ್ತದೆ. ಇದು ಕವಿಯ ಬರಿಯ ಅಲಂಕಾರವಲ್ಲ. ಅದೇ ತಾಲ್ಲೂಕಿನ ಮಳವಳ್ಳಿಯಲ್ಲಿ ಚುಟುಕುಲದ ಶಾತಕರ್ಣಿಯೊಬ್ಬನ ಪ್ರಾಕೃತ ಶಾಸನವುಂಟು. ಅದೇ ಕಂಬದ ಮೇಲೆ ಆ ದಾನವನ್ನು ನವೀಕರಿಸಿದ ಕದಂಬರ ಶಾಸನವೂ ಉಂಟು. ಆದುದರಿಂದ ಶಾತಕರ್ಣಿಗಳು ಈ ಸೀಮೆಯಲ್ಲಿ ಆಳಿದರೆಂಬುದು ನಿರ್ವಿವಾದ. ಹೀಗಿರಲು, ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದು ಶತಮಾನಗಳು ಕಳೆದ ಮೇಲೆ ಹುಟ್ಟಿದ ಶಾಸನಗಳು ಹೇಳುವ ಕಥೆಯನ್ನು ಎಚ್ಚರಿಕೆಯಿಂದಲೇ ಗ್ರಹಿಸಬೇಕು. ತಮ್ಮ ಅಗ್ರಹಾರಕ್ಕೆ ಗೌರವದ ಮೂಲವನ್ನು ಹುಡುಕಿದವರ ನಂಬಿಕೆ ಅದು. ಹಳೆಯ ಕಂಬದಲ್ಲಿ ಅಹಿಚ್ಛತ್ರದ ಸುದ್ದಿಯೇ ಇಲ್ಲ. ಕದಂಬರ ಮನೆಯ ಬಳಿಯಲ್ಲಿ ಕದಂಬವೃಕ್ಷವೊಂದು ಬೆಳೆದಿದ್ದಿತೆಂದೂ, ಅದನ್ನು ಪಾಲಿಸಿದುದರಿಂದ ಆ ಹೆಸರು ಕುಲಕ್ಕೆ ಬಂದಿತೆಂದೂ ಮಾತ್ರ ಅದು ಹೇಳುತ್ತದೆ.

ಈ ಕದಂಬವೃಕ್ಷವು ನಮ್ಮ ವಿಷಯಕ್ಕೆ ಹೊರತಾದುದಲ್ಲ. ಮೋಡವು ಗುಡುಗಿದಾಗ ಕದಂಬವು ಅರಳುವುದೆಂಬುದು ಸಂಸ್ಕೃತ ಕವಿಗಳ ಸಮಯ. ಆ ಮರವು ನೀರಿನ ಪಸೆಯುಳ್ಳ ನೆಲದಲ್ಲಿ ಬೆಳೆದು ಮಳೆಗಾಲದಲ್ಲಿ ಹೂ ಬಿಡುವುದೆಂಬುದು ಲೋಕದಲ್ಲಿಯೂ ನಿಜವೇ. ವಂಶಕರ್ತನ ಹೆಸರು ಮಯೂರ. ಮಯೂರವೂ ಮೇಘವನ್ನು ಕಂಡು ಕುಣಿಯುವ ಪಕ್ಷಿ. ಇದರಿಂದ ಹೆಸರುಗಳ ವಿಷಯದಲ್ಲಿ ಯಾವ ಸಿದ್ಧಾಂತವನ್ನೂ ಕಟ್ಟಬೇಕಾಗಿಲ್ಲ. ಮನೆಯ ಮುಂದೆ ಕದಂಬವು ಬೆಳೆಯುವ ಸೀಮೆಯು ಮಳೆಯನ್ನು ಚೆನ್ನಾಗಿ ಬಲ್ಲ ಸೀಮೆಯೆಂಬಷ್ಟನ್ನು ಮಾತ್ರ ಇಲ್ಲಿ ಗ್ರಹಿಸಿದರೆ ಸಾಕು.

೩

ಈಗ ಹವಾಗುಣದ ವಿಚಾರ. ನಮ್ಮ ಆಯುರ್ವೇದಾಚಾರ್ಯರು ದೇಶವನ್ನು ಅನೂಪ, ಜಾಂಗಲ, ಸಾಧಾರಣ ಎಂದು ಮೂರು ವಿಧವಾಗಿ ವಿಭಾಗಿಸಿದ್ದಾರೆ. ನೀರೂ ಮರಗಳೂ ಹೇರಳವಾಗಿರುವುದು ಅನೂಪ. ನೀರು ಕಡಮೆಯಾಗಿ ಮುಳ್ಳುಗಿಡಗಳೂ ಬಿಸಿಲೂ ಹೆಚ್ಚಾಗಿರುವುದು ಜಾಂಗಲ. ಎರಡರ ಲಕ್ಷಣಗಳೂ ಬೆರೆತಿರುವುದು ಸಾಧಾರಣ. ಕೌಟಿಲ್ಯನು ಇನ್ನೂ ಮುಂದಕ್ಕೆ ಹೋಗಿ ಮಳೆಯನ್ನು ಅಳೆಯುವ ಕ್ರಮವನ್ನೇ ವಿಧಿಸಿದ್ದಾನೆ. ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನು ಕೋಷ್ಠಾಗಾರದಲ್ಲಿ ಇಡಬೇಕು. ಜಾಂಗಲಕ್ಕೆ ೧೬ ದ್ರೋಣ, ಅನೂಪಕ್ಕೆ ಅದರ ಒಂದೂವರೆಯಷ್ಟು. ಅಪರಾಂತಕ್ಕೆ, ಎಂದರೆ ಪಶ್ಚಿಮ ಸಮುದ್ರತೀರಕ್ಕೆ, ಅಳತೆಯೇ ಇಲ್ಲದಷ್ಟು ಮಳೆ ಎಂಬುದು ಅವನ ಲೆಕ್ಕ. ಸಹ್ಯಾದ್ರಿಯ ಎರಡು ಪಕ್ಕಗಳನ್ನು ಕಂಡವರಿಗೆ ಈ ಲೆಕ್ಕದ ಯಥಾರ್ಥತೆಯನ್ನು ವಿವರಿಸಬೇಕಾಗಿಲ್ಲ.

ತಾಳಗುಂದವು ಈ ವಿಭಾಗದಲ್ಲಿ ಸಾಧಾರಣ ದೇಶ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ನಡುವಣ ಅರೆಮಲೆನಾಡಿನಲ್ಲಿ ಈ ಊರು. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುವುದು. ೧೯೪೬ರ ಆಗಸ್ಟ್ ತಿಂಗಳೊಂದರಲ್ಲಿಯೇ ಅಲ್ಲಿ ೪೫೦೮ ಮಿಲಿಮೀಟರು ಸುರಿಯಿತು. ಶಿಕಾರಿಪುರದ ಕಡೆಯ ವರ್ಷದ ಮಳೆ ಸುಮಾರು ೧೦೦೦ ಮಿಲಿಮೀಟರಿನ ಒಳಹೊರಗೆ. ಒಂದೇ ಜಿಲ್ಲೆಯಲ್ಲಿ, ಎತ್ತಿನ ಗಾಡಿಯಲ್ಲಿ ಕೆಲವೇ ದಿನಗಳಲ್ಲಿ ಕ್ರಮಿಸಬಹುದಾದ ದೂರದಲ್ಲಿ, ಮಳೆಯು ಏಳರಲ್ಲೊಂದು ಪಾಲಿಗೆ ಇಳಿಯುವುದು. ಅರಬ್ಬೀ ಸಮುದ್ರದಿಂದ ಬರುವ ನೈರುತ್ಯ ಮಾರುತವು ಸಹ್ಯಾದ್ರಿಯನ್ನು ಏರುವಾಗ ತನ್ನ ಭಾರವನ್ನು ಇಳಿಸಿ, ಈಚೆಗೆ ಬರುವ ಹೊತ್ತಿಗೆ ಹಗುರವಾಗಿರುವುದೇ ಇದಕ್ಕೆ ಕಾರಣ.

ವರ್ಷದ ಮೊತ್ತಕ್ಕಿಂತಲೂ ಮುಖ್ಯವಾದುದು ಮಳೆಯು ಬೀಳುವ ಕಾಲ. ನಮ್ಮ ಒಕ್ಕಲಿಗರು ವರ್ಷವನ್ನು ತಿಂಗಳುಗಳಿಂದಲ್ಲ, ಮಳೆನಕ್ಷತ್ರಗಳಿಂದ ಅಳೆಯುತ್ತಾರೆ. ಭರಣಿ ಮಳೆ ಧರಣಿಗೆಲ್ಲ ಬೆಳೆ ಎಂಬುದು ಬೇಸಗೆಯ ಮಳೆಗೆ ಅವರು ಕೊಟ್ಟ ಬೆಲೆ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ ಎಂಬುದು ಜೂನ್ ತಿಂಗಳ ಕೊನೆಯಲ್ಲಿ ಕಾಲಿಡುವ ಆರ್ದ್ರಾ ಮಳೆಯ ವಿಷಯದಲ್ಲಿ ಅವರಿಗಿರುವ ಭಯ. ಪುನರ್ವಸು ಪುಷ್ಯಗಳಲ್ಲಿ, ಎಂದರೆ ಜುಲೈ ತಿಂಗಳಲ್ಲಿ, ಮಳೆಯ ರಭಸವು ಅತ್ಯಧಿಕವಾಗಿರುವುದು. ಹಸ್ತ ಚಿತ್ತೆ ಸ್ವಾತಿಗಳಲ್ಲಿ ಹಿಂಗಾರು ಸ್ವಲ್ಪ ಬಂದು ಹೋಗುವುದು. ವಿಶಾಖೆಯು ಕಳೆದ ಮೇಲೆ ಮುಂದಿನ ವರ್ಷದ ಬೇಸಗೆಯ ಮಳೆಯವರೆಗೆ ಆಕಾಶದಿಂದ ನೀರನ್ನು ನಿರೀಕ್ಷಿಸುವಂತಿಲ್ಲ. ವರ್ಷದ ನೀರಿನ ಬಹುಭಾಗವು ನಾಲ್ಕು ತಿಂಗಳುಗಳಲ್ಲಿ ಬಂದುಬಿಡುವುದು. ಉಳಿದ ಎಂಟು ತಿಂಗಳು ಅದರ ಮೇಲೆಯೇ ಬದುಕಬೇಕು.

ಇನ್ನೊಂದು ಸಂಗತಿ. ವರದಾನದಿಯು ಒಂದು ಕಡೆ ಬನವಾಸಿಯ ಮಗ್ಗುಲಲ್ಲಿ ಹರಿಯುತ್ತದೆ. ಕುಮುದ್ವತಿಯು ಮತ್ತೊಂದು ಕಡೆ ಶಿಕಾರಿಪುರದ ನೆಲವನ್ನು ಹಾದುಹೋಗುತ್ತದೆ. ಎರಡೂ ತುಂಗಭದ್ರೆಯನ್ನು ಸೇರುತ್ತವೆ. ತಾಳಗುಂದವಿರುವುದು ಇವೆರಡರ ನಡುವಣ ನೆಲದಲ್ಲಿ. ಬನವಾಸಿಯವರಿಗೆ ಬಾಗಿಲಲ್ಲಿಯೇ ಹೊಳೆ. ತಾಳಗುಂದದವರು ಆಕಾಶದಿಂದ ಬಿದ್ದ ನೀರನ್ನು ನಿಲ್ಲಿಸಿಕೊಳ್ಳಬೇಕು. ಈ ಸೀಮೆಯಲ್ಲಿ ಕೆರೆಯಿಲ್ಲದೆ ನಾಲ್ಕು ಮನೆಗಳು ನಿಲ್ಲಬಹುದು, ಊರು ನಿಲ್ಲಲಾರದು.

೪

ಈ ಹಿನ್ನೆಲೆಯಿಂದ ಈಗ ಕಂಬದ ಬಳಿಗೆ ಹೋಗೋಣ. ಶಾಸನದಲ್ಲಿ ಕಾಲದ ನಿರ್ದೇಶವಿಲ್ಲ; ಲಿಪಿಯನ್ನೂ ರಾಜರ ಕ್ರಮವನ್ನೂ ಪರಿಶೀಲಿಸಿ ವಿದ್ವಾಂಸರು ಅದನ್ನು ಕ್ರಿ. ಶ. ೫ನೆಯ ಶತಮಾನಕ್ಕೆ ಸೇರಿಸಿದ್ದಾರೆ. ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿಯು ಈ ಕಾವ್ಯವನ್ನು ರಚಿಸಿ ಕಲ್ಲಿನ ಮೇಲೆ ಬರೆದನು. ಪದ್ಯಗಳು ೩೪. ಮಯೂರಶರ್ಮನಿಂದ ಕಂಗವರ್ಮ, ಭಗೀರಥ, ರಘು, ರಘುವಿನ ತಮ್ಮನಾದ ಕಾಕುಸ್ಥವರ್ಮ ಎಂಬ ಕ್ರಮದಲ್ಲಿ ವಂಶವು ವರ್ಣಿತವಾಗಿದೆ. ಕಾಕುಸ್ಥನು ತನ್ನ ಪುತ್ರಿಯರನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂಬ ಪ್ರಸಿದ್ಧವಾದ ವಿಷಯವೂ ಇಲ್ಲಿಯೇ ಬರುವುದು.

ಇಷ್ಟೆಲ್ಲ ಆದ ಮೇಲೆ ಕವಿಯು ತನ್ನ ಪ್ರಕೃತಕ್ಕೆ ಬರುತ್ತಾನೆ. ಸಿದ್ಧಗಂಧರ್ವರಿಂದ ಸೇವಿತವಾದುದೂ, ನಿಯಮ ಹೋಮ ದೀಕ್ಷೆಗಳಲ್ಲಿ ನಿರತರಾದ ಬ್ರಾಹ್ಮಣ ಸ್ನಾತಕರ ಸ್ತುತಿಪಾಠಗಳಿಂದ ತುಂಬಿದುದೂ, ಶಾತಕರ್ಣಿ ಮೊದಲಾದವರಿಂದ ಪೂಜಿತವಾದುದೂ ಆದ ಆದಿದೇವನ ಆಲಯದ ಬಳಿಯಲ್ಲಿ, ಯಥೇಷ್ಟವಾದ ನೀರಿನ ಉಪಯೋಗಕ್ಕೆ ಆಶ್ರಯವಾಗುವಂತಹ ಈ ದೊಡ್ಡ ಕೆರೆಯನ್ನು ಕಾಕುಸ್ಥವರ್ಮನು ಮಾಡಿಸಿದನು ಎಂಬುದು ಆ ಭಾಗದ ತಾತ್ಪರ್ಯ.

ಮೀಮಾಂಸಕರು ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಕೆಲವು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವನ್ನು ಶಾಸನಕ್ಕೆ ಅನ್ವಯಿಸಿ ನೋಡಿದರೆ ಸಂಶಯಕ್ಕೆ ಎಡೆಯಿರದು. ಉಪಕ್ರಮದಲ್ಲಿ ಕವಿಯು ಸ್ತುತಿಸುವುದು ‘ಸ್ಥಾಣು’ವೆಂಬ ಹೆಸರಿನ ಶಿವನನ್ನು, ಉಪಸಂಹಾರದಲ್ಲಿ ನಮಸ್ಕರಿಸುವುದು ಸ್ಥಾನಕುಂದೂರಿನಲ್ಲಿ ವಾಸಿಸುವ ಮಹಾದೇವನನ್ನು. ಕಾವ್ಯದ ಎರಡು ತುದಿಗಳೂ ಈ ಊರಿನಲ್ಲಿಯೇ ಕಟ್ಟಲ್ಪಟ್ಟಿವೆ. ನಡುವೆ ಬರುವ ವಂಶವರ್ಣನೆಯು ಅರ್ಥವಾದ, ಎಂದರೆ ಕರ್ತೃವಿನ ಪ್ರಶಂಸೆ. ಕೆರೆಯನ್ನು ಮಾಡಿಸಿದುದೇ ವಿಧೇಯವಾದ ಅರ್ಥ. ಆ ನೀರಿನ ಉಪಯೋಗವೇ ಫಲ. ಯಜ್ಞವಾಕ್ಯದಲ್ಲಿ ಅರ್ಥವಾದವನ್ನು ಕಂಠಪಾಠ ಮಾಡಿ ವಿಧಿಯನ್ನು ಬಿಟ್ಟವನಿಗೆ ಯಜ್ಞವು ಹೇಗೆ ಸಿದ್ಧಿಸಲಾರದೋ, ಹಾಗೆಯೇ ಮಯೂರಶರ್ಮನ ಕೋಪವನ್ನು ನೆನೆದು ಕಾಕುಸ್ಥನ ಕೆರೆಯನ್ನು ಬಿಟ್ಟವನಿಗೆ ಈ ಶಾಸನದ ಅರ್ಥವು ಸಿದ್ಧಿಸಲಾರದು.

ಶಬ್ದಗಳನ್ನು ಸೂಕ್ಷ್ಮವಾಗಿ ನೋಡಿದರೆ ಇನ್ನೆರಡು ವಿಷಯಗಳು ತಿಳಿಯುತ್ತವೆ. ಕವಿಯು ‘ಈ’ ಕೆರೆಯೆಂದು ಬೆರಳಿಟ್ಟು ತೋರಿಸುತ್ತಾನೆ. ಆದುದರಿಂದ ಕಂಬವು ಕೆರೆಯ ಸನ್ನಿಧಿಯಲ್ಲಿಯೇ ನಿಂತುದು. ಎರಡನೆಯದಾಗಿ, ಅಲ್ಲಿ ಹೇಳಿರುವುದು ನೀರಿನ ಉಪಯೋಗವನ್ನು. ಗದ್ದೆಗಳ ಹೆಸರನ್ನು ಎತ್ತಿಲ್ಲ. ದೇವರ ಅಭಿಷೇಕ, ಸ್ನಾತಕರ ಸ್ನಾನ ಸಂಧ್ಯೆ, ಊರವರ ಮತ್ತು ದನಕರುಗಳ ಕುಡಿಯುವ ನೀರು, ಇವು ಕವಿಯ ಮುಂದೆ ಪ್ರಧಾನವಾಗಿ ನಿಂತಿದ್ದುವೆಂದು ತೋರುತ್ತದೆ. ಓದುವ ಹುಡುಗರು ವರ್ಷವೆಲ್ಲ ನೆಲೆಸಿರುವ ಸ್ಥಳಕ್ಕೆ ಚೈತ್ರ ವೈಶಾಖಗಳಲ್ಲಿಯೂ ನೀರು ಬೇಕು.

ಇದೇ ಶಾಸನದಲ್ಲಿ ಕಾಕುಸ್ಥನನ್ನು ವರ್ಣಿಸುವ ಒಂದು ಉಪಮಾನವೂ ಗಮನಾರ್ಹವಾಗಿದೆ. ಬಿಸಿಲಿನ ಬೇಗೆಯಿಂದ ನೊಂದ ಜಿಂಕೆಯ ಹಿಂಡುಗಳು ಮರಗಳ ಸಾಲನ್ನು ಹೊಕ್ಕು ನೆರಳಿನಲ್ಲಿ ಹೇಗೆ ಸುಖವನ್ನು ಪಡೆಯುತ್ತವೆಯೋ, ಹಾಗೆ ಬಲಿಷ್ಠರಿಂದ ಪೀಡಿತರಾದ ಬಂಧುಗಳು ಅವನ ದೇಶವನ್ನು ಹೊಕ್ಕು ನೆಮ್ಮದಿಯನ್ನು ಪಡೆದರೆಂದು ಕವಿಯು ಹೇಳುತ್ತಾನೆ. ಉಪಮಾನವು ಕಾವ್ಯಪರಂಪರೆಗೆ ಹೊಸದಲ್ಲ. ಆದರೂ ಕಾಡೂ ಬಯಲೂ ಸೇರುವ ಎಲ್ಲೆಯಲ್ಲಿ, ಬಿಸಿಲಿನಿಂದ ನೆರಳಿಗೆ ಓಡುವ ಮೃಗಗಳನ್ನು ಕಣ್ಣಾರೆ ಕಾಣುವ ಸೀಮೆಯಲ್ಲಿ, ಅದು ಕೆರೆಯ ಶಾಸನಕ್ಕೆ ಎಷ್ಟು ಉಚಿತವಾಗಿದೆಯೆಂಬುದನ್ನು ಸಹೃದಯರು ಒಪ್ಪುವರು. ಅರಸನು ನೆರಳು, ಅವನು ಕಟ್ಟಿಸಿದುದು ನೀರು. ಬೇಸಗೆಯಲ್ಲಿ ಜೀವಿಗಳು ಬೇಡುವುದು ಈ ಎರಡನ್ನೇ.

ಇಲ್ಲಿ ಒಂದು ಆಕ್ಷೇಪವನ್ನು ಪರಿಹರಿಸಬೇಕು. ಕೆರೆಯನ್ನು ಕಟ್ಟಿಸಿದುದರಿಂದ ಆ ಕಾಲದಲ್ಲಿ ಕ್ಷಾಮವಿದ್ದಿತೆಂದು ಊಹಿಸಬಹುದೇ ಎಂದರೆ, ಊಹಿಸಲಾಗದು. ಕ್ಷಾಮವನ್ನು ಶಾಸನವು ಹೇಳಿಲ್ಲ. ಮಳೆಯೇ ಇಲ್ಲದ ಕಡೆ ಕೆರೆಯನ್ನು ಕಟ್ಟಿ ಫಲವಿಲ್ಲ. ಮಳೆಯು ಎಡೆಬಿಡದೆ ಬೀಳುವ ಕಡೆ ಕಟ್ಟುವ ಅಗತ್ಯವಿಲ್ಲ. ಮಳೆಯು ಸಾಕಷ್ಟು ಬಂದು ಬೇಗ ಹೋಗುವ ಕಡೆ ಕೆರೆಯು ಹುಟ್ಟುವುದು. ತಾಳಗುಂದದ ಕೆರೆಯು ಸಾಕ್ಷ್ಯ ಹೇಳುವುದು ಮಳೆಯ ಅಭಾವಕ್ಕಲ್ಲ, ಅದರ ಕಾಲನಿಯಮಕ್ಕೆ. ಶಾಸನಗಳಿಂದ ಹಿಂದಿನ ಹವಾಗುಣವನ್ನು ತಿಳಿಯಲು ಹೊರಟವರು ಈ ವಿವೇಕವನ್ನು ಬಿಡಬಾರದು.

೫

ಕೆರೆಯನ್ನು ಕಟ್ಟುವುದು ಅಂದಿನವರಿಗೆ ಶಾಸ್ತ್ರವೂ ಆಗಿತ್ತು. ಕುಬ್ಜ ಕವಿಯ ಕಾಲಕ್ಕೆ ಈಚೆಗೆ, ೬ನೆಯ ಶತಮಾನದಲ್ಲಿದ್ದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಏರಿಯ ವಿಷಯವನ್ನು ಹೇಳುತ್ತಾನೆ. ಪೂರ್ವಪಶ್ಚಿಮವಾಗಿ ನೀಳವಾದ ಏರಿಯು ನೀರನ್ನು ಬಹುಕಾಲ ಧರಿಸುವುದೆಂದೂ, ದಕ್ಷಿಣೋತ್ತರವಾದುದು ಗಾಳಿಯಿಂದೆದ್ದ ಅಲೆಗಳ ಹೊಡೆತದಿಂದ ಪ್ರಾಯಶಃ ಒಡೆಯುವುದೆಂದೂ ಅವನ ಅಭಿಪ್ರಾಯ. ಮಳೆಗಾಲದ ಗಾಳಿಯು ಪಶ್ಚಿಮದ ಕಡೆಯಿಂದ ಬೀಸುವ ನಮ್ಮ ಸೀಮೆಯಲ್ಲಿ ಈ ಮಾತಿಗೆ ಪ್ರತ್ಯಕ್ಷವೇ ಪ್ರಮಾಣ. ಗಾಳಿಗೆ ಎದೆಯೊಡ್ಡಿ ಅಡ್ಡಲಾಗಿ ನಿಂತ ಏರಿಯು, ಕೆರೆ ತುಂಬಿರುವ ಕಾಲದಲ್ಲಿಯೇ, ಅಲೆಗಳ ಪೂರ್ಣವಾದ ಪೆಟ್ಟನ್ನು ತಿನ್ನಬೇಕಾಗುವುದು.

ಕಟ್ಟಿದ ಮಾತ್ರಕ್ಕೆ ಕೆರೆಯು ಉಳಿಯದು. ಪ್ರತಿ ಮಳೆಯೂ ಹೂಳನ್ನು ತರುವುದು, ತೂಬು ಸವೆಯುವುದು, ಕೋಡಿ ಕಿತ್ತುಹೋಗುವುದು. ಅದಕ್ಕಾಗಿಯೇ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟವೆಂಬ ದಾನವು ಪದೇ ಪದೇ ಕಾಣುವುದು. ಕೆರೆಯ ಜೀರ್ಣೋದ್ಧಾರಕ್ಕೆಂದು ಭೂಮಿಯಿಂದಲೋ ಬೆಳೆಯಿಂದಲೋ ಮೀಸಲಿಟ್ಟ ಭಾಗವದು. ಅರಸನು ಒಮ್ಮೆ ಕಟ್ಟಿಸುವನು. ಊರು ವರ್ಷವರ್ಷವೂ ಕಾಪಾಡುವುದು. ರಾಜವಂಶಗಳು ಬದಲಾದರೂ ತಾಳಗುಂದವು ಶತಮಾನಗಳವರೆಗೆ ಬಾಳಿದುದಕ್ಕೆ ಈ ಎರಡನೆಯ ಕಾರ್ಯವೇ ಮೂಲವೆಂದು ಹೇಳಬೇಕು.

ಅದು ಬಾಳಿದ ರೀತಿಗೆ ಸಾಕ್ಷಿಗಳು ವಿರಳವಲ್ಲ. ಮೃಗೇಶವರ್ಮನ ಪತ್ನಿಯೂ ಕೇಕಯ ಕುಲದವಳೂ ಆದ ಪ್ರಭಾವತಿಯ ಶಾಸನವು ಪ್ರಣವೇಶ್ವರ ದೇವಾಲಯದ ಬಾಗಿಲವಾಡದಲ್ಲಿ ದೊರೆತಿದೆ. ೨೦೧೩ರ ಉತ್ಖನನದಲ್ಲಿ ದೇವಾಲಯದ ಬಳಿ ಸಿಂಹದ ಕೈಪಿಡಿಯ ಮೇಲೆ ಕನ್ನಡ ಸಂಸ್ಕೃತಗಳೆರಡನ್ನೂ ಒಳಗೊಂಡ ಶಾಸನವೊಂದು ಬೆಳಕಿಗೆ ಬಂದಿತು. ಅದನ್ನು ಕ್ರಿ. ಶ. ೩೭೦ಕ್ಕೆ ಸೇರಿಸಿ ಹಲ್ಮಿಡಿಯ ಶಾಸನಕ್ಕಿಂತ ಹಿಂದಿನದೆಂದು ಕೆಲವರು ಎಣಿಸುತ್ತಾರೆ. ಮತ್ತೆ ಕೆಲವರು ಈ ಕಾಲನಿರ್ಣಯವನ್ನು ಒಪ್ಪುವುದಿಲ್ಲ. ಈ ವಿವಾದವು ಹೇಗೆ ಮುಗಿದರೂ, ಕನ್ನಡ ಬರವಣಿಗೆಯ ಮೊದಲ ಹೆಜ್ಜೆಗಳನ್ನು ಹುಡುಕುವವರು ಈ ಸಣ್ಣೂರಿಗೆ ಬರಲೇಬೇಕೆಂಬುದು ಸಿದ್ಧವಾಯಿತು. ಮುಂದೆ ೧೨ನೆಯ ಶತಮಾನದಲ್ಲಿಯೂ ತಾಳಗುಂದದ ಅಗ್ರಹಾರದಲ್ಲಿ ವೇದಗಳು, ವ್ಯಾಕರಣ, ಪ್ರಾಭಾಕರ ಮೀಮಾಂಸೆ ಇವುಗಳ ಜತೆಗೆ ಕನ್ನಡ ಅಕ್ಷರಗಳನ್ನು ಕಲಿಸುವುದಕ್ಕೂ ವೃತ್ತಿಗಳು ಏರ್ಪಟ್ಟಿದ್ದುವೆಂದು ಶಾಸನದಿಂದ ತಿಳಿಯುತ್ತದೆ. ಕುಬ್ಜನು ಕಂಡ ಸ್ನಾತಕರ ಪಾಠವು ೭೦೦ ವರ್ಷಗಳ ಮೇಲೆಯೂ ಅದೇ ಊರಿನಲ್ಲಿ ಕೇಳಿಬರುತ್ತಿತ್ತು.

ನೆರೆಯ ಬಳ್ಳಿಗಾವೆಯ ದೃಷ್ಟಾಂತವೂ ಇದನ್ನೇ ದೃಢಪಡಿಸುವುದು. ವೇದಶಾಸ್ತ್ರಗಳಿಗೂ ಅನ್ನದಾನಕ್ಕೂ ಹೆಸರಾಗಿದ್ದ, ೧೧೬೨ರ ಶಾಸನದಲ್ಲಿ ಅತಿಶಯವಾಗಿ ಕೊಂಡಾಡಲ್ಪಟ್ಟ ಅಲ್ಲಿನ ಕಾಳಾಮುಖ ಮಠದ ಹೆಸರು ಕೋಡಿಯ ಮಠ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ವ್ಯಾಖ್ಯಾನಿಸುತ್ತಿದ್ದ ವಿದ್ಯಾಸ್ಥಾನವು ದೇವರ ಹೆಸರಿನಿಂದಲೂ ಅಲ್ಲ, ಗುರುವಿನ ಹೆಸರಿನಿಂದಲೂ ಅಲ್ಲ, ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ಹೆಸರಿನಿಂದ ಕರೆಯಲ್ಪಟ್ಟಿತು. ಈ ಸೀಮೆಯ ವಿದ್ಯೆಗೂ ನೀರಿಗೂ ಇದ್ದ ಸಂಬಂಧಕ್ಕೆ ಇದಕ್ಕಿಂತ ಸರಳವಾದ ಪ್ರಮಾಣವು ಬೇಕಾಗಿಲ್ಲ.

೬

ಮೇಲ್ಕಂಡ ವಿಚಾರದಿಂದ ಫಲಿಸುವುದಿಷ್ಟು. ತಾಳಗುಂದವು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸಾಧಾರಣ ದೇಶದಲ್ಲಿ, ಬಾಗಿಲಲ್ಲಿ ಹೊಳೆಯಿಲ್ಲದ ನೆಲದಲ್ಲಿ ಹುಟ್ಟಿದ ಊರು. ಕದಂಬರಿಗಿಂತ ಮುಂಚೆಯೇ ಅದು ದೇವಸ್ಥಾನವಾಗಿತ್ತು. ಕದಂಬರ ಕಾಲದಲ್ಲಿ ಕೆರೆಯಿಂದ ಅದರ ನೆಲೆ ಸ್ಥಿರವಾಯಿತು. ಆ ನೆಲೆಯ ಮೇಲೆ ವಿದ್ಯೆಯು ಶತಮಾನಗಳವರೆಗೆ ನಿಂತಿತು. ಕಂಬದ ಶಾಸನವು ಮುಖ್ಯವಾಗಿ ದಾಖಲಿಸುವುದು ಈ ಸ್ಥಿರತೆಯನ್ನು.

ಸಾಹಿತ್ಯವನ್ನು ಬೋಧಿಸುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ಈ ಶಾಸನವನ್ನು ತರಗತಿಯಲ್ಲಿ ಓದಿಸುವಾಗ ಪಲ್ಲವಾಶ್ವಾರೋಹಿಯ ಕಲಹದಲ್ಲಿಯೇ ನಿಲ್ಲಿಸದೆ ಕೊನೆಯವರೆಗೂ ಓದಿಸಬೇಕು. ವಿದ್ಯಾರ್ಥಿಗಳಲ್ಲಿ ಹಲವರು ಕೆರೆಯುಳ್ಳ ಊರುಗಳಿಂದಲೇ ಬಂದವರಾಗಿರುತ್ತಾರೆ. ತಮ್ಮೂರಿನ ಏರಿಯ ಮೇಲೆ, ತೂಬಿನ ಬಳಿಯಲ್ಲಿ, ಕೋಡಿಯ ಪಕ್ಕದಲ್ಲಿ ನಿಂತ ಕಲ್ಲುಗಳನ್ನು ಅವರು ಗುರುತಿಸಿಕೊಂಡು ಬರುವಂತಾದರೆ, ರಾಜರ ಚರಿತ್ರೆಯ ಬದಿಯಲ್ಲಿ ಊರುಗಳ ಚರಿತ್ರೆಯೂ ಬೆಳೆಯುವುದು. ಹೂಳು ತುಂಬಿದ ಕೆರೆಯೊಡನೆ ಅದರ ಶಾಸನವೂ ಮಣ್ಣಿನ ಪಾಲಾಗುವುದರಿಂದ ಈ ಕಾರ್ಯದಲ್ಲಿ ವಿಳಂಬವು ತರವಲ್ಲ.

ಕುಬ್ಜ ಕವಿಯು ತನ್ನ ಬರಹವನ್ನು ಮುಗಿಸಿರುವ ಕ್ರಮವನ್ನು ಹೇಳಿ ಈ ಲೇಖನವನ್ನು ಮುಗಿಸುವೆನು. ಸ್ಥಾನಕುಂದೂರಿನ ಮಹಾದೇವನಿಗೆ ನಮಸ್ಕರಿಸಿದ ಮೇಲೆ ಅವನು ಅರಸನಿಗೆ ಜಯವನ್ನು ಹಾರೈಸುವುದಿಲ್ಲ. ಸುತ್ತಮುತ್ತಣಿಂದ ಬಂದ ಜನರು ಸೇರಿರುವ ಈ ನೆಲೆಯು ಆನಂದದಿಂದಿರಲೆಂದು ಹಾರೈಸಿ, ಪ್ರಜೆಗಳಿಗೆ ಮಂಗಳವಾಗಲೆಂದು ಹೇಳಿ ಲೇಖನಿಯನ್ನು ಕೆಳಗಿಡುತ್ತಾನೆ.